ಬದುವಿನ ಮೇಲಿನ ನಾಲ್ಕು ಪೆಟ್ಟಿಗೆ

ಹೋದ ವಾರ ಮೆಕ್ಕೆಜೋಳದ ಬೀಜ ಕೇಳಲು ಹರಪನಹಳ್ಳಿಯ ಒಂದು ಗೊಬ್ಬರದಂಗಡಿಗೆ ಹೋಗಿದ್ದೆ. ಯಾರದೋ ಕೈಜಾರಿ ಔಷಧದ ಬಾಟಲಿ ಒಡೆದಿತ್ತು. ಮೇಲೆ ಮಣ್ಣು ಸುರಿದಿದ್ದರೂ ಆ ಘಾಟು ಮೂಗಿಗೆ ರಪ್ಪಂತ ಬಡಿಯಿತು. ಬೆಳೆಗೆ ಹೊಡೆಯುವ ಈ ವಿಷಕ್ಕೆ ನಮ್ಮ ಕಡೆ ‘ಎಣ್ಣಿ’ ಅಂತಾರೆ. ಎಷ್ಟು ತಣ್ಣನೆಯ ಹೆಸರು ನೋಡ್ರಿ! ನನಗೆ ಒಳಗೆ ನಿಲ್ಲಲಾಗಲಿಲ್ಲ. ಬೀಜ ಗೀಜ ಬಿಟ್ಟು ಹೊರಗಿನ ಕಟ್ಟೆಯ ಮೇಲೆ ಬಂದು ಕೂತೆ. ಎಷ್ಟೋ ವರ್ಷದ ಮೇಲೆ ಅತ್ತಿ ನೆನಪಾದಳು…

ಅತ್ತಿ ಅಂದರೆ ಅಪ್ಪನ ತಂಗಿಯೇನಲ್ಲ. ಕೊಟ್ಟೂರಿನಾಚೆ ನಮ್ಮ ಹೊಲಕ್ಕೆ ಹತ್ತಿದ ಹೊಲದವಳು, ಊರಿಗೆಲ್ಲ ಅತ್ತಿ. ಗಂಡ ತೀರಿದ ಮೇಲೆ ತವರಿಗೆ ಬಂದು ತಮ್ಮನ ಎರಡು ಎಕರೆ ತಾನೇ ಮಾಡುತ್ತಿದ್ದಳು. ಎರಡೂ ಹೊಲದ ನಡುವಿನ ಬದುವಿನಲ್ಲಿ, ಬೇವಿನ ಮರದ ನೆರಳಿಗೆ, ಅವಳ ನಾಲ್ಕು ಜೇನುಪೆಟ್ಟಿಗೆ. ಹುಣಸೆ ಮರದ ಪೊಟರೆಯಿಂದ ಒಂದು ಗೂಡನ್ನು ತಾನೇ ಹಿಡಿದು ತಂದಿದ್ದಳಂತೆ. ಹುಳ ಹೆಚ್ಚಾಗಿ ಗೂಡು ಒಡೆದಾಗಲೆಲ್ಲ ಹೊರಬಿದ್ದ ಹಿಂಡನ್ನು ಇನ್ನೊಂದು ಪೆಟ್ಟಿಗೆಗೆ ಕೂಡಿಸಿ, ಒಂಬತ್ತು ವರ್ಷದಲ್ಲಿ ಒಂದನ್ನು ನಾಲ್ಕು ಮಾಡಿದ್ದಳು. ಮಕ್ಕಳಿಲ್ಲದ ಆಕೆಗೆ ಇದ್ದ ಸಂಸಾರ ಅದೊಂದೇ.

ನನಗೆ ಆಗ ಇಪ್ಪತ್ತಮೂರು. ಬಿ.ಎ. ಮುಗಿಸಿದ ಕೊಬ್ಬು ಬೇರೆ. “ಒಂಬತ್ತು ವರ್ಷದ ಹುಳ ಅಂದ್ರ ಎಲ್ಲಾ ಮುದುಕ ಆಗಿರಬೇಕಲ್ಲ ಅತ್ತಿ?” ಅಂತ ಚಾಷ್ಟಿ ಮಾಡಿದ್ದೆ ಒಮ್ಮೆ.

“ಲೇ ಹುಚ್ಚಪ್ಪ, ಹೂವಿನ ಕಾಲದಾಗ ಒಂದು ಹುಳ ಬಾಳೋದು ಆರು ವಾರ. ಮೂರು ವಾರ ಮನಿಯಾಗ ಕಸ ತಗೀತೈತಿ, ಮರಿಗೆ ಉಣಸತೈತಿ. ಆಮ್ಯಾಲೆ ಮೂರು ವಾರ ಹೂವಿಗೆ ತಿರುಗಿ ತಿರುಗಿ ರೆಕ್ಕಿ ಹರಕೊಂಡು ಸಾಯ್ತೈತಿ. ರಾಣಿ ಎರಡು ಮೂರು ವರ್ಷ ಇರ್ತಾಳ, ಆಮ್ಯಾಲೆ ಹೊಸಾಕಿ. ನಾ ಹಿಡಕೊಂಡು ಬಂದ ಹುಳ ಇದರಾಗ ಒಂದೂ ಇಲ್ಲ. ಆದ್ರ ಮನಿ ಅದೇ ಐತಿ.”

ನನಗೆ ಅದರಲ್ಲಿ ದೊಡ್ಡದೇನೂ ಕಾಣಲಿಲ್ಲ. ಹೂಂಗುಟ್ಟಿ ಎದ್ದು ಹೋದೆ.

ನಮ್ಮ ಹೊಲದಲ್ಲಿ ಆಗ ವರ್ಷವರ್ಷವೂ ಸೂರ್ಯಕಾಂತಿ. ಆಕೆ ನನ್ನಿಂದ ಕೇಳಿದ್ದು ಒಂದೇ ಒಂದು. “ಎಣ್ಣಿ ಹೊಡಿಯೋ ಹಿಂದಿನ ದಿನ ಒಂದು ಮಾತು ಹೇಳಪ್ಪ. ಸಂಜಿಗೆ ಹುಳ ಎಲ್ಲಾ ಒಳಗ ಬಂದಮ್ಯಾಲೆ ಪೆಟ್ಟಿಗಿ ಬಾಯಿಗೆ ಹಸಿ ಗೋಣಿಚೀಲ ಕಟ್ಟತೀನಿ.” ಎರಡು ವರ್ಷ ಹೇಳಿದೆ. ಮೂರನೇ ವರ್ಷ ಊರಲ್ಲಿ ಒಂದು ಮಾತು ಎದ್ದಿತು: ಜೇನುಹುಳ ಸೂರ್ಯಕಾಂತಿಯ ಹಾಲು ಹೀರುತ್ತವೆ, ಕಾಳು ಜೊಳ್ಳಾಗುವುದು ಅದಕ್ಕೇ. ಓದದವರು ಆಡಿದರು, ಓದಿದ ನಾನು ನಂಬಿದೆ. ಥೂ, ಹೊಟ್ಟೆಗೆ ಏನು ತಿನ್ನುತ್ತಿದ್ದೆನೋ!

ಆಕೆ ಕೊಟ್ಟೂರಿನ ಸಂತೆಗೆ ಹೋಗುವ ದಿನ ಕಾದೆ. ಬಸ್ಸಿಗೆ ಹೊರಟವಳನ್ನು “ಎಷ್ಟೊತ್ತಿಗೆ ಬರ್ತಿ ಅತ್ತಿ?” ಅಂತ ಕೇಳಿಯೂ ಕೊಂಡೆ. ಬಿಸಿಲೇರಿ ಹೂವಿನ ತುಂಬ ಹುಳ ಮುತ್ತಿದ ಹೊತ್ತಿಗೆ ಸರಿಯಾಗಿ ಪಂಪು ಬೆನ್ನಿಗೇರಿಸಿ, ಬದುವಿನ ಕಡೆಯಿಂದಲೇ ಹೊಡೆಯಲು ಶುರುಮಾಡಿದೆ.

ಮಧ್ಯಾಹ್ನ ಬಂದಳು. ಪೆಟ್ಟಿಗೆಗಳ ಮುಂದೆ ನೆಲ ಕಪ್ಪಗಾಗಿತ್ತು. ಕೆಲವು ಇನ್ನೂ ಅಂಗಾತ ಬಿದ್ದು ಗಿರಗಿರ ತಿರುಗುತ್ತಿದ್ದವು. ಸಂತೆಯ ಚೀಲ ಹೆಗಲಲ್ಲೇ ಇತ್ತು. “ಯಾಕಪ್ಪ ಹೇಳಲಿಲ್ಲ?” ಅಂದಳು.

“ಮರ್ತೆ ಅತ್ತಿ.”

ಚೀಲ ಕೆಳಗಿಟ್ಟಳು. ಸತ್ತ ಹುಳಗಳನ್ನು ಕೈಯಲ್ಲೇ ಬಳಿದು ಮರದ ಬುಡಕ್ಕೆ ಹಾಕಿದಳು.

ಅಲ್ಲಿಗೇ ಮುಗಿಯಿತು ಅಂದುಕೊಂಡಿದ್ದೆ. ಸತ್ತಿದ್ದು ಹೊರಗೆ ದುಡಿಯುವ ಹುಳ. ಒಳಗೆ ರಾಣಿ ಇದ್ದಳು, ಮರಿಗಳಿದ್ದವು, ಮರಿ ಸಾಕುವ ಎಳೆಯ ಹುಳಗಳಿದ್ದವು. ತರುವವರಿಲ್ಲದೆ ಆ ಎಳೆಯವೇ ಹೊತ್ತಿಗೆ ಮುಂಚೆ ಹೊರಬಿದ್ದವು. ಹೂವಿನ ಮೇಲೆ ಇನ್ನೂ ವಿಷವಿತ್ತು. ಅತ್ತಿ ದಿನಾ ಸಕ್ಕರೆ ನೀರು ಇಟ್ಟಳು. ಪೆಟ್ಟಿಗೆಗೆ ಕಿವಿ ಹಚ್ಚಿ ಬೆರಳಿಂದ ಮೆಲ್ಲಗೆ ಬಡಿದು ಕೇಳುವಳು. ರಾಣಿ ಮೊಟ್ಟೆ ಇಡುತ್ತಲೇ ಇದ್ದಳಂತೆ, ನೋಡಿಕೊಳ್ಳುವವರಿಲ್ಲ. ಒಂದೊಂದಾಗಿ ಮೂರು ಪೆಟ್ಟಿಗೆ ಸುಮ್ಮನಾದವು. ನಾಲ್ಕನೆಯದು ತಿಂಗಳು ಹಿಡಿಯಿತು… ಅಷ್ಟೂ ದಿನ ನಾನು ಬದುವಿನ ಆಚೆ ನಿಂತು ನೋಡಿದೆ.

ಮರುವರ್ಷ ಹೂವು ತಟ್ಟೆಯಗಲ ಅರಳಿದವು. ಬಗ್ಗಿಸಿ ನೋಡಿದರೆ ನಡುವೆಲ್ಲ ಬರೀ ಜೊಳ್ಳು ಕಟ್ಟುತ್ತಿತ್ತು. ಸುತ್ತಲಿನವರೂ ಎಣ್ಣಿ ಹೊಡೆದು ಹೊಡೆದು ಕಾಡಿನ ಹುಳವೂ ಉಳಿದಿರಲಿಲ್ಲ. ಹೂವಿಂದ ಹೂವಿಗೆ ಪುಡಿ ಮುಟ್ಟಿಸುವವರೇ ಇಲ್ಲ, ಕಾಳು ಕಟ್ಟುವುದು ಎಲ್ಲಿಂದ? ತಡವಾಗಿ ಅರಳುತ್ತಿದ್ದ ಹೂವುಗಳನ್ನಾದರೂ ಬಟ್ಟೆಯಿಂದ ಒಂದೊಂದೇ ಸವರಬೇಕು ಅಂದರು ಕೃಷಿ ಇಲಾಖೆಯವರು. ನಾನು ಹೊಲದ ನಡುವೆ ದಿಕ್ಕುಗೆಟ್ಟು ನಿಂತಿದ್ದಾಗ ಅತ್ತಿ ಬಂದಳು. ಯಾರೂ ಕರೆದಿರಲಿಲ್ಲ. ಹಳೆ ಸೀರೆ ಹರಿದು ಅಂಗೈಗೆ ಸುತ್ತಿಕೊಂಡಿದ್ದಳು. “ಒತ್ತಬ್ಯಾಡ, ಕೂಸಿನ ತಲಿ ಸವರಿದಂಗ ಸವರು,” ಅಂತ ತೋರಿಸಿಕೊಟ್ಟಳು. ಹತ್ತು ದಿನ ಬೆಳಗ್ಗೆ ಬೆಳಗ್ಗೆ ನನ್ನ ಹೊಲದಲ್ಲಿ, ಸತ್ತ ತನ್ನ ಹುಳಗಳ ಕೆಲಸವನ್ನು ತಾನು ಮಾಡಿದಳು. ಮೊಣಕೈವರೆಗೂ ಹಳದಿ ಪುಡಿ ಮೆತ್ತಿಕೊಳ್ಳುತ್ತಿತ್ತು.

ಹತ್ತನೆಯ ದಿನ ಕೊನೆಯ ಸಾಲು ಮುಗಿದಾಗ, ನನ್ನ ಮುಖ ನೋಡದೆ ಕೇಳಿದಳು. “ಅವತ್ತು ನಾ ಸಂತಿಗೆ ಹೊಂಟಾಗ, ಎಷ್ಟೊತ್ತಿಗೆ ಬರ್ತಿ ಅಂತ ಕೇಳಿದ್ದಿ. ಖರೇನ ಮರ್ತಿದ್ದೇನಪ್ಪ ನೀನು?”

ನಿಜ ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು ನನ್ನದು? ಆಕೆ ಕ್ಷಮಿಸಲೆಂದೇ ಕೇಳಿದ್ದಳು. ಅದು ಇವತ್ತು ಗೊತ್ತಾಗುತ್ತದೆ.

“ದೇವರಾಣಿ ಅತ್ತಿ, ಮರ್ತಿದ್ದೆ,” ಅಂದೆ.

ಕೈಗೆ ಸುತ್ತಿದ ಬಟ್ಟೆ ಬಿಚ್ಚಿದಳು, ಬದುವಿನ ಮೇಲಿಟ್ಟಳು, ಹೋದಳು. ಆಮೇಲೆ ನನ್ನನ್ನು ಯಾವತ್ತೂ ಮಾತಾಡಿಸಲಿಲ್ಲ. ಮುಂದೆ ಹೊಲ ತನ್ನ ತಮ್ಮನಿಗೇ ಬಿಟ್ಟು ಹೊಳಲಿನ ಕಡೆ ತಂಗಿಯ ಮನೆ ಸೇರಿದಳು. ತೀರಿಹೋದ ಸುದ್ದಿ ಬಂದಾಗ ಮಣ್ಣಿಗೂ ನಾನು ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ?

ಈಗ ನಮ್ಮಲ್ಲಿ ಸೂರ್ಯಕಾಂತಿ ಹಾಕುವವರೇ ಕಡಿಮೆ. ಎಲ್ಲಿ ನೋಡಿದರೂ ಮೆಕ್ಕೆಜೋಳ. ಅದಕ್ಕೆ ಹುಳದ ಹಂಗಿಲ್ಲ, ಗಾಳಿ ಸಾಕು.

ಅವತ್ತು ಆ ಕಟ್ಟೆಯ ಮೇಲೆ ಕೂತು, ನನಗೇ ಗೊತ್ತಿಲ್ಲದೆ, ಬಾಯಿಬಿಟ್ಟೇ ಅಂದುಬಿಟ್ಟೆ: “ಮರ್ತಿರ್ಲಿಲ್ಲ ಅತ್ತಿ.”

ಪಕ್ಕದಲ್ಲಿ ಕೂತಿದ್ದವರು ತಿರುಗಿ, “ಏನಂದ್ರಿ?” ಅಂದರು.

“ಏನಿಲ್ರಿ,” ಅಂದೆ.