ಮಾಗಳಿ ಬಳ್ಳಿಯ ವಾಚರ್

ಮಳವಳ್ಳಿ ಕಡೆಯ ಕಾಡಿನಲ್ಲಿ ಅರಣ್ಯ ಇಲಾಖೆಯ ವಾಚರ್ ಆಗಿದ್ದವನೊಬ್ಬ ಬೋರ್ಡು ಬರೆಸಲು ನನ್ನ ಅಂಗಡಿಗೆ ಬಂದಿದ್ದ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೂ ಮದ್ದೂರಿನಿಂದ ಮಳವಳ್ಳಿವರೆಗೆ ನಾನು ಬರೆದ ಬೋರ್ಡುಗಳಲ್ಲಿ ಒಂದು ಒತ್ತಕ್ಷರ ತಪ್ಪಿಲ್ಲ. ಅವನಿಗೆ ಬೇಕಾಗಿದ್ದದ್ದು ಅಳಿದುಹೋಗುತ್ತಿರುವ ಜೀವಿಗಳ ಬೋರ್ಡು. ಇಲಾಖೆಯ ಸಾಹೇಬರು ಸಿಂಗಳೀಕವೊಂದನ್ನೇ ಬರೆಸು ಎಂದಿದ್ದರಂತೆ. ಪಕ್ಕದಲ್ಲಿ ಹೂಬಿಟ್ಟ ಮಾಗಳಿ ಬಳ್ಳಿಯೂ ಇರಲಿ ಎಂದು ಇವನು ಹಟ ಹಿಡಿದ.

“ಆ ಕೋತಿ ನಮ್ ಕಾಡಲ್ಲೇ ಇಲ್ವಲ್ಲಾ?” ಎಂದೆ.

“ಇಲ್ದಿದ್ರೂ ಅದುಕ್ಕೆ ಮಕ ಅದೆ ಕಣ್ಲಾ, ಕಂಡೋರು ಅಯ್ಯೋ ಅಂತಾರೆ. ಮಾಗಳಿ ಕಂಡ್ರೆ ಉಪ್ಪಿನ್ಕಾಯಿಗೆ ಬೇರು ಕೀಳ್ತಾರೆ. ನನ್ ಸರಹದ್ದಲ್ಲಿ ಉಳ್ದಿರೋದು ಒಂದೇ ಬಳ್ಳಿ. ಬೇರ್ ಮುಟ್ಬ್ಯಾಡಿ ಅಂತ ದಪ್ಪಕ್ಕೆ ಬರಿ.”

ಬೇರು ಮುಟ್ಟಬೇಡಿ ಎಂಬ ಮಾತನ್ನು ಅವನು ಟೀ ಕುಡಿಯುವಾಗಲೂ ಹೇಳುತ್ತಿದ್ದ. ಎಲೆಯ ಆಕಾರ ತಪ್ಪಬಾರದೆಂದು ವಾರವಿಡೀ ಕಾಡಿಗೂ ಹೋಗದೆ ನನ್ನ ಪಕ್ಕ ಕೂತಿದ್ದ. ಹಸಿ ಬಣ್ಣದ ಹೂವಿನ ಮೇಲೆ ನೊಣ ಕೂತರೆ ಟವೆಲ್ ಬೀಸುತ್ತಿದ್ದ.

ಬೋರ್ಡು ನಿಲ್ಲಿಸಿದ ದಿನ ಎಲ್ಲರಿಗೂ ಊಟವಿತ್ತು. ಭಾಷಣವೆಲ್ಲ ಸಿಂಗಳೀಕದ್ದೇ. ಮೊಸರನ್ನಕ್ಕೆ ಉಪ್ಪಿನಕಾಯಿ ಬಂತು. ಅವನು ಮೂಸಿ ನೋಡಿ, ಬಡಿಸುವವನ ಕೈ ಹಿಡಿದ.

“ಈ ಮಾಗಳಿ ಎಲ್ಲೀದ್ಲಾ?”

“ನಿನ್ ಬಳ್ಳೀದೇ ಕಣಣ್ಣ. ಸಾಹೇಬ್ರಿಗೆ ಇಷ್ಟ ಅಂತ ಅವ್ರ ಡ್ರೈವರು ಅಗ್ದು ತಂದ್ರು. ಬೋರ್ಡ್ ಬರ್ಸ್ತಿದ್ ವಾರ ನೀನು ಕಾಡಲ್ಲಿ ಇರ್ನಿಲ್ವಂತೆ.”

ಅವನು ಎಲೆ ಬಿಟ್ಟು ಎದ್ದುಹೋದ. ನಾನು ಏಳಲಿಲ್ಲ. ಆಗಲೇ ಉಪ್ಪಿನಕಾಯಿ ಎರಡನೇ ಸಲ ಹಾಕಿಸಿಕೊಂಡಿದ್ದೆ, ಅದನ್ನೂ ತಿಂದೆ.