ಏಳು ಅರೆಪಾದ್ರಿಗಳು

ಸಿಡ್ನಿಯ ಗಿರಾವೀನ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದಾಗ ನಾವು ಹೋಗುತ್ತಿದ್ದ ಚರ್ಚಿನಲ್ಲಿ ಮೂವರು ಪಾದ್ರಿಗಳಿದ್ದರು. ಒಬ್ಬರು ಬೋಧನೆಗೆ, ಒಬ್ಬರು ಹುಡುಗರಿಗೆ, ಮೂರನೆಯವರು ಯಾತಕ್ಕೆ ಎಂಬುದು ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಆಮೇಲೆ ನನ್ನ ಗಂಡನಿಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿತು. ಶಹರದೊಳಗೆ ಮನೆ ಕೊಳ್ಳುವ ಯೋಗ್ಯತೆ ಇರಲಿಲ್ಲವಾದ್ದರಿಂದ ಅಲ್ಲಿಂದ ಒಂದೂವರೆ ಗಂಟೆ ದೂರದ, ಕುರಿಗಳೇ ಬಹುಸಂಖ್ಯಾತರಾಗಿದ್ದ ಒಂದು ಊರಿಗೆ ಹೋಗಿ ನೆಲೆಸಿದೆವು. ಪಾದ್ರಿಗಳ ಸಂಖ್ಯೆ ಮೂರರಿಂದ ಸೊನ್ನೆಗೆ ಇಳಿಯಿತು.

ಪೂರಾ ಸೊನ್ನೆ ಅಂದರೆ ತಪ್ಪಾದೀತು. ಆಸುಪಾಸಿನ ನಾಲ್ಕು ಊರುಗಳಲ್ಲಿ ನಾಲ್ಕು ಕಲ್ಲಿನ ಚರ್ಚುಗಳಿದ್ದವು. ಒಂದೊಂದರಲ್ಲಿ ಹತ್ತು ಹನ್ನೆರಡು ಜನ, ಅವರಲ್ಲಿ ಅರ್ಧದಷ್ಟು ಜನಕ್ಕೆ ಕಿವಿ ಕೇಳುತ್ತಿರಲಿಲ್ಲ. ನಾಲ್ಕಕ್ಕೂ ಇದ್ದ ಒಬ್ಬರೇ ಪಾದ್ರಿ ನಾವು ಬಂದ ವರ್ಷವೇ ನಿವೃತ್ತರಾದರು. ಬಿಷಪ್ಪರು ಬಂದರು. ಈ ಊರಿಗೆ ಇನ್ನು ಪಾದ್ರಿ ಸಿಗುವುದಿಲ್ಲ ಎಂದು ನೇರವಾಗಿ ಹೇಳಿ ಚಹಾ ಕುಡಿದು ಹೋಗಬಹುದಿತ್ತು. ಅದರ ಬದಲು, ಇದು ಪವಿತ್ರಾತ್ಮನು ನಮಗೆ ತೋರಿಸುತ್ತಿರುವ ಹೊಸ ದಾರಿ ಎಂದರು. ನಾಲ್ಕೂ ಚರ್ಚು ಸೇರಿ ಒಂದು ತಂಡ. ಸಭೆಯವರಲ್ಲೇ ಏಳು ಜನರಿಗೆ ತರಬೇತಿ ಕೊಟ್ಟು, ಆರಾಧನೆ ನಡೆಸಲು, ರೋಗಿಗಳ ಮನೆಗೆ ಕರ್ತನ ಭೋಜನ ಒಯ್ಯಲು ಅನುಮತಿ ಪತ್ರ ಕೊಡುವುದು. ಒಬ್ಬ ವಯಸ್ಸಾದ ಪಾದ್ರಿ ತಿಂಗಳಿಗೊಮ್ಮೆ ಬಂದು ಆ ಭೋಜನದ ರೊಟ್ಟಿ ದ್ರಾಕ್ಷಾರಸವನ್ನು ಪವಿತ್ರಗೊಳಿಸಿ, ಪಕ್ಕದ ಊರಿನ ಚರ್ಚಿನ ಗೋಡೆಕಪಾಟಿನಲ್ಲಿ ಇಟ್ಟು ಹೋಗುವುದು. ಉಳಿದದ್ದೆಲ್ಲ ನಮ್ಮದು.

ಏಳರಲ್ಲಿ ನಾನೂ ಒಬ್ಬಳಾದೆ. ಅರವತ್ತು ದಾಟದವಳು ಇಡೀ ನಾಲ್ಕು ಊರಿನಲ್ಲಿ ನಾನೊಬ್ಬಳೇ ಇದ್ದೆ ಎಂಬುದೇ ನನ್ನ ಅರ್ಹತೆ. ಆದರೂ ಎಷ್ಟು ಬೀಗಿದೆ ಅಂತೀರಿ. ಗದಗ ಬೆಟಗೇರಿಯ ಮಿಶನ್ ಕಂಪೌಂಡಿನಲ್ಲಿ ನಮ್ಮಪ್ಪ ಉಪದೇಶಿ ಆಗಿದ್ದವರು, ಜೀವನಪೂರ್ತಿ ಅಯ್ಯನವರ, ಅಂದರೆ ಪಾದ್ರಿಗಳ, ಹಿಂದೆ ಸಂಚಿ ಹಿಡಿದು ನಡೆದವರು. ಆರಾಧನೆಗೆಂದು ಕೊಟ್ಟ ಬಿಳಿ ನಿಲುವಂಗಿ ಹಾಕಿಕೊಂಡು ಕನ್ನಡಿಯ ಮುಂದೆ ನಿಂತು ಅವ್ವನಿಗೆ ಫೋನ್ ಮಾಡಿದೆ.

"ಅಂದ್ರ ನೀ ಈಗ ಅಯ್ಯನವರು ಆಗೀಯೇನ?" ಎಂದಳು ಅವ್ವ.

"ಪೂರ್ತಿ ಅಲ್ಲವ್ವಾ, ಏಳರಾಗ ಒಂದ್ ಪಾಲು."

"ಹಂಗಾರ ಯಾರಿಗೂ ಹೇಳಬ್ಯಾಡ," ಎಂದು ಅವ್ವ ಫೋನಿಟ್ಟಳು.

ಮೊದಲ ಮೀಟಿಂಗು ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರ ಯಜಮಾನಿಕೆಯಲ್ಲಿ ನಡೆಯಿತು. ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಇವರೆಲ್ಲ ಮಾತಾಡಿದ್ದು ಇಂಗ್ಲಿಷಿನಲ್ಲೇ. ನನ್ನ ನೆನಪಿನಲ್ಲಿ ಮಾತ್ರ ಆ ಬಿಳಿಯರೆಲ್ಲ ಬೆಟಗೇರಿಯವರ ಹಾಗೆ ಮಾತಾಡುತ್ತಾರೆ, ಅದಕ್ಕೆ ನಾನೇನೂ ಮಾಡಲಾರೆ. ಬೋರ್ಡಿನ ಮೇಲೆ ರೋಸ್ಟರ್, ಅಂದರೆ ಸರದಿ ಪಟ್ಟಿ, ಬರೆದಿತ್ತು. ವಾಚನ, ಪ್ರಾರ್ಥನೆ, ಹೂವು, ಚಹಾ, ಹುಲ್ಲು ಕತ್ತರಿಸುವುದು, ಕೊನೆಗೆ ಭೇಟಿ. ಚಹಾದ ಕಾಲಂ ಕ್ಷಣದಲ್ಲಿ ತುಂಬಿತು. ಹುಲ್ಲು ಕತ್ತರಿಸಲು ಇಬ್ಬರು ಪೈಪೋಟಿಗೆ ಬಿದ್ದರು. ಭೇಟಿಯ ಕೆಳಗೆ ಮಾತ್ರ ಯಾರೂ ಹೆಸರು ಬರೆಯಲಿಲ್ಲ.

ಭೇಟಿ ಅಂದರೆ ಇದ್ದದ್ದು ಒಂದೇ ಮನೆ. ಊರಾಚೆ ಮಣ್ಣುರಸ್ತೆಯಲ್ಲಿ ಒಂಟಿಯಾಗಿದ್ದ ಒಬ್ಬ ಅಜ್ಜಿ. ನಲವತ್ತು ವರ್ಷ ನಮ್ಮ ಚರ್ಚಿನ ವೇದಿಯ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡಿದವರು. ಹಿಂದಿನ ಚಳಿಗಾಲ ಸೊಂಟದ ಮೂಳೆ ಮುರಿದುಕೊಂಡ ಮೇಲೆ ಹೊಸ್ತಿಲು ದಾಟಿರಲಿಲ್ಲ. ಹಳೆಯ ಪಾದ್ರಿ ಊರು ಬಿಡುವ ತನಕ, ಅಂದರೆ ಹಿಂದಿನ ವಾರದವರೆಗೂ, ಪ್ರತಿ ಭಾನುವಾರ ಹನ್ನೊಂದೂವರೆಗೆ ಅವರ ಮನೆಗೆ ಕರ್ತನ ಭೋಜನ ಒಯ್ಯುತ್ತಿದ್ದರು. ಅವರಿಗೆ ವಾರದಲ್ಲಿ ಬೇಕಾದದ್ದು ಅದೊಂದೇ.

"ನನ್ನವು ಕುರಿ ಅದಾವ," ಎಂದರು ಒಬ್ಬ ರೈತರು. ಭಾನುವಾರ ಹನ್ನೊಂದೂವರೆಗೆ ಕುರಿಗಳಿಗೆ ಏನಾಗುತ್ತಿತ್ತೋ. ಉಳಿದವರು ಡೈರಿಯ ಪುಟ ತಿರುವಿದರು.

ಆಗ ನಾನು ಎದ್ದುನಿಂತೆ. ಸುಮ್ಮನೆ ನನ್ನ ಹೆಸರು ಬರೆದು ಕೂತಿದ್ದರೆ ಕತೆ ಮುಗಿಯುತ್ತಿತ್ತು. ಇಲ್ಲ, ನಾನು ಭಾಷಣ ಮಾಡಿದೆ. ನಮ್ಮ ಕಂಪೌಂಡಿನಲ್ಲಿ ಭೇಟಿಗೆ ಪಟ್ಟಿ ಗಿಟ್ಟಿ ಇರಲಿಲ್ಲ, ಯಾರಿಗಾದರೂ ಜ್ವರ ಬಂದರೆ ಥರ್ಮಾಮೀಟರಿಗಿಂತ ಮೊದಲು ಪಕ್ಕದ ಮನೆಯವರಿಗೆ ಗೊತ್ತಾಗುತ್ತಿತ್ತು, ಗಂಜಿ ಹಿಡಿದು ನಾಲ್ಕು ಜನ ಬಾಗಿಲಲ್ಲಿ ನಿಂತಿರುತ್ತಿದ್ದರು, ಪ್ರೀತಿಯನ್ನು ಕಾಲಂನಲ್ಲಿ ಹಾಕಬೇಡಿ, ಭೇಟಿ ಎಲ್ಲರ ಕೆಲಸ ಎಂದೆಲ್ಲ ಹೇಳಿದೆ. ಹೆಡ್‌ಮಿಸ್ಟ್ರೆಸ್ಸಿನ ಕಣ್ಣು ತುಂಬಿ ಬಂತು.

"ನೋಡ್ರಿ, ಇಂಡಿಯಾದವರಿಂದ ನಾವು ಕಲಿಯೂದು ಭಾಳ ಐತಿ," ಎಂದು ಡಸ್ಟರ್ ತೆಗೆದುಕೊಂಡು ಕೊನೆಯ ಕಾಲಂ ಒರೆಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಕುರಿಗಳ ಯಜಮಾನರು. ಬಿಷಪ್ಪರ ಮಾಸಪತ್ರಿಕೆಯಲ್ಲಿ ಸೀರೆಯುಟ್ಟ ನನ್ನ ಫೋಟೋ ಬಂತು.

ನಾನು ಮರೆತದ್ದು ಸಣ್ಣ ಸಂಗತಿ. ಬೆಟಗೇರಿಯಲ್ಲಿ ಯಾರೂ ಬಾಗಿಲು ಬಡಿಯುತ್ತಿರಲಿಲ್ಲ, ನೇರವಾಗಿ ಒಲೆಯ ಹತ್ತಿರ ಬಂದು ಕೂರುತ್ತಿದ್ದರು. ಈ ಊರಲ್ಲಿ ಒಡಹುಟ್ಟಿದ ತಂಗಿಯ ಮನೆಗೆ ಹೋಗಬೇಕಾದರೂ ಮೂರು ದಿನ ಮೊದಲು ಫೋನ್ ಮಾಡುತ್ತಾರೆ. ಕರೆಯದೆ ಹೋದರೆ ಅಜ್ಜಿಗೆ ತೊಂದರೆ ಎಂದು ಆರು ಜನ ಸುಮ್ಮನಿದ್ದರು. ನಾನು? ನಾನು ಸ್ಫೂರ್ತಿ ಕೊಟ್ಟಾಗಿತ್ತಲ್ಲ, ಇನ್ನು ಹೋಗುವುದು ಅವರ ಪಾಲಿಗೆ ಬಿಟ್ಟದ್ದು ಎಂದುಕೊಂಡಿದ್ದೆ. ಹಾಗೆ ಹತ್ತು ಭಾನುವಾರಗಳು ಕಳೆದವು. ಹತ್ತೂ ಭಾನುವಾರ ಅಜ್ಜಿಯ ಹೆಸರು ಹಿಡಿದು ನಾವು ಪ್ರಾರ್ಥನೆ ಮಾಡಿದೆವು. ಪ್ರಾರ್ಥನೆಗೆ ರೋಸ್ಟರ್ ಇತ್ತು.

ಹನ್ನೊಂದನೆಯ ಭಾನುವಾರ ವಾಚನದ ಜೊತೆ ಚಹಾದ ಸರದಿಯೂ ನನ್ನದು. ಆರಾಧನೆ ಮುಗಿದು ಕಪ್ಪು ಸಾಸರುಗಳನ್ನು ತೊಳೆದಿಡುವಾಗ ಕಪಾಟಿನ ಹಿಂದೆ ಒಂದು ಹಳೆಯ ಕೇಕಿನ ಡಬ್ಬಿ ಸಿಕ್ಕಿತು. ತಳದಲ್ಲಿ ಅಂಟಿಸಿದ್ದ ಚೀಟಿಯಲ್ಲಿ ಅಜ್ಜಿಯ ಹೆಸರು ಇತ್ತು. ಡಬ್ಬಿ ಕೊಟ್ಟು ಬರೋಣ ಎಂದು ಕಾರು ಆ ಮಣ್ಣುರಸ್ತೆಗೆ ತಿರುಗಿಸಿದೆ. ಭೇಟಿಗೆ ಅಲ್ಲ, ಡಬ್ಬಿ ಕೊಡಲಿಕ್ಕೆ. ಅವಸರದಲ್ಲಿ ನಿಲುವಂಗಿ ಕಳಚುವುದನ್ನೂ ಮರೆತಿದ್ದೆ.

ಬಾಗಿಲು ತೆರೆದೇ ಇತ್ತು. "ಒಳಗ ಬಾ ತಂಗಿ, ಈ ಹೊತ್ತಿಗೆ ಬಾಗಿಲು ತೆರದ ಇರತೈತಿ," ಎಂದಿತು ಒಳಗಿನ ದನಿ.

ಅಜ್ಜಿ ಮೇಜಿನ ಮುಂದೆ ಕೂತಿದ್ದರು. ತುಟಿಗೆ ಬಣ್ಣ, ಕೊರಳ ಹತ್ತಿರ ಮುತ್ತಿನ ಪಿನ್ನು, ಬಾಚಿದ ಬಿಳಿ ಕೂದಲು. ಮೇಜಿನ ಮೇಲೆ ಮಡಿಕೆ ಗೆರೆ ಕಾಣುವ ಹಾಗೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆ, ಮೋಂಬತ್ತಿ, ಒಂದು ಖಾಲಿ ತಟ್ಟೆ. ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆ. ನಿಂತುಕೊಳ್ಳಲಾರದ ಹೆಂಗಸು ಆ ಬಟ್ಟೆಯನ್ನು ಕೂತೇ ಇಸ್ತ್ರಿ ಮಾಡಿರಬೇಕು, ಪ್ರತಿ ವಾರವೂ.

ನನ್ನ ನಿಲುವಂಗಿ ನೋಡಿದರು, ಕೈಯಲ್ಲಿದ್ದ ಡಬ್ಬಿ ನೋಡಿದರು. ಕಣ್ಣು ಮುಚ್ಚಿ, ಎಡಗೈ ಮೇಲೆ ಬಲಗೈ ಇಟ್ಟು, ರೊಟ್ಟಿ ಸ್ವೀಕರಿಸುವ ಹಾಗೆ ಎರಡೂ ಕೈ ಮುಂದೆ ಚಾಚಿದರು. ನಾನು ಖಾಲಿ ಕೇಕಿನ ಡಬ್ಬಿ ಹಿಡಿದು ನಿಂತಿದ್ದೆ. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

"ಅದಲ್ಲರೀ," ಎಂದೆ. "ಇದು ನಿಮ್ಮ ಡಬ್ಬಿ."

ಅಜ್ಜಿ ಕಣ್ಣು ತೆರೆದು ಕೈಗಳನ್ನು ನಿಧಾನಕ್ಕೆ ಮಡಿಲಿಗೆ ತಂದುಕೊಂಡರು. "ಹತ್ತು ವಾರ ಆತು. ಸಭಾದಾಗಿಂದ ನನ್ನ ಹೆಸರು ತಗದಬಿಟ್ರೇನೋ ಅಂದ್ಕೊಂಡಿದ್ದೆ."

"ಇಲ್ಲರೀ, ಹಂಗೇನಿಲ್ಲ. ತಂಡದಾಗ ಸ್ವಲ್ಪ ಗೊಂದಲ ಆತು."

"ತಂಡ ಅಂದ್ರ ಯಾರು?"

ಹೆಡ್‌ಮಿಸ್ಟ್ರೆಸ್, ಕುರಿಗಳ ಯಜಮಾನರು, ಹೂವಿನವರು, ಹುಲ್ಲಿನವರು ಎಲ್ಲರೂ ನಾಲಿಗೆಯ ತುದಿಗೆ ಬಂದರು. ಬಿಷಪ್ಪರೂ ಬಂದರು. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದರು.

"ನಾನರೀ," ಎಂದೆ. "ಭೇಟಿ ಕಾಲಂ ಒರಸಿಸಿದಾಕಿ ನಾನ."

ಅಜ್ಜಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು. ಮೋಂಬತ್ತಿಯನ್ನು ಸ್ವಲ್ಪ ಸರಿಸಿ ತಟ್ಟೆಯ ಎದುರಿಗೆ ಇಟ್ಟರು.

"ಹಂಗಾರ ಹೋಗಿ ರೊಟ್ಟಿ ತಗೊಂಡ ಬಾ," ಎಂದರು. "ಅವಸರ ಮಾಡಬ್ಯಾಡ. ಕಾಯೂದು ನಂಗ ರೂಢಿ ಆಗೇತಿ."