ಹೆಸರಿಲ್ಲದ ಪೀರಿಯಡ್

ಖಾಲಿ ಚೌಕ ಕಂಡರೆ ನನ್ನ ಕೈ ತುರಿಸುತ್ತದೆ. ವೇಳಾಪಟ್ಟಿಯಲ್ಲಾಗಲಿ ಕ್ಯಾಲೆಂಡರಿನಲ್ಲಾಗಲಿ, ಒಂದು ಮನೆ ಬರಿದಾಗಿದ್ದರೆ ಅದರಲ್ಲಿ ಏನಾದರೂ ಬರೆದ ಮೇಲೆಯೇ ನನಗೆ ಸಮಾಧಾನ. ಭದ್ರಾವತಿಯಲ್ಲಿ ಹುಟ್ಟಿ ಬೆಳೆದವಳು ನಾನು. ಕಬ್ಬಿಣದ ಕಾರ್ಖಾನೆಯ ಸೈರನ್ನಿಗೆ ಎದ್ದು, ಸೈರನ್ನಿಗೆ ಉಂಡು, ಸೈರನ್ನಿಗೆ ದೀಪ ಹಚ್ಚಿದ ಮನೆ ನಮ್ಮದು. ಅಪ್ಪನ ಪಾಳಿ ಬದಲಾದರೆ ಅಮ್ಮನ ಸಾರು ಕುದಿಯುವ ಹೊತ್ತೂ ಬದಲಾಗುತ್ತಿತ್ತು. ಈಗ ಶಿವಮೊಗ್ಗದಲ್ಲಿ, ಯಾವ ಸೈರನ್ನೂ ಕೇಳದ ಬಡಾವಣೆಯಲ್ಲಿದ್ದೇನೆ. ಹಸಿವು ಮಾತ್ರ ಹಳೆಯ ಪಾಳಿಯನ್ನೇ ಪಾಲಿಸುತ್ತಿದೆ.

ಇಂಥವಳನ್ನು ಹುಡುಕಿಕೊಂಡು ಊರಿನ ಒಂದು ಖಾಸಗಿ ಪ್ರೌಢಶಾಲೆಯವರು ಬಂದರು. ನಾನು ವಿಜ್ಞಾನ ಕಲಿಸಿ ನಿವೃತ್ತಳಾದವಳು ಎಂಬುದೊಂದೇ ಅವರಿಗೆ ಸಿಕ್ಕಿದ್ದ ಕಾರಣ. ಪುಸ್ತಕ ಸರ್ಕಾರದ್ದೇ, ಆದರೆ ಎಂಟನೆಯಿಂದ ಹತ್ತನೆಯ ತರಗತಿಯವರೆಗೆ ಯಾವುದನ್ನು ಯಾವಾಗ, ಯಾವ ಪ್ರಯೋಗದ ಜೊತೆ ಕಲಿಸಬೇಕೆಂಬ ಯೋಜನೆ ಹೊಸದಾಗಿ ಆಗಬೇಕಿತ್ತು. ಸೊಂಟಕ್ಕೆ ಸೆರಗು ಸಿಕ್ಕಿಸಿ ಕೂತೆ. ಮಸೂರಕ್ಕೆ ಮೊದಲು ಅಜ್ಜನ ಕನ್ನಡಕ, ಆಮ್ಲಕ್ಕೆ ಮೊದಲು ಹುಣಸೆಹುಳಿ, ಸನ್ನೆಕೋಲಿಗೆ ಮೊದಲು ಅಡಕೆ ಕತ್ತರಿ ಎಂದು ಜೋಡಿಸಿಕೊಂಡು ಹೋದೆ. ಸೋಮವಾರ ನೆನೆಹಾಕಿದ ಕಡಲೆಕಾಳು ಬುಧವಾರದ ಎರಡನೇ ಪೀರಿಯಡ್ಡಿಗೆ ಮೊಳೆಯತಕ್ಕದ್ದು ಎಂದೂ ಬರೆದೆ. ಕಡಲೆಗೆ ಈ ವಿಷಯ ತಿಳಿಸಿರಲಿಲ್ಲ.

ಆ ಶಾಲೆಯ ವಿಜ್ಞಾನದ ಟೀಚರ್ ಶಬಾನಾ ಚಿಕ್ಕ ವಯಸ್ಸಿನ ಹುಡುಗಿ. ನನ್ನ ಯೋಜನೆಯನ್ನು ಕೊನೆಯವರೆಗೂ ಓದಿ, ಮೆಲ್ಲಗೆ ಕೇಳಿದಳು: "ಎಲ್ಲಾ ಚೆನ್ನಾಗಿದೆ ಮೇಡಂ. ಮಕ್ಕಳು ಪ್ರಶ್ನೆ ಕೇಳೋದು ಯಾವ ಪೀರಿಯಡ್‌ನಲ್ಲಿ?"

"ಪಾಠ ಮುಗಿದ ಮೇಲೆ ಕೇಳ್ಲಿ."

"ಒಂದು ಮುಗಿಯೋ ಹೊತ್ತಿಗೆ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತಲ್ಲ! ಹೋದ ವರ್ಷ ನಾನೂ 'ಆಮೇಲೆ, ಆಮೇಲೆ' ಅಂತಾನೇ ಅಂದೆ. ದಸರಾ ರಜೆ ಮುಗಿಯೋ ಹೊತ್ತಿಗೆ ಕೇಳೋದನ್ನೇ ಬಿಟ್ರು. ಈಗ ಬಾಯಿ ಬಿಡೋದು ಹಾಜರಿಗೆ ಮಾತ್ರ."

ಬಸ್ಸಿನಲ್ಲಿ ಮನೆಗೆ ಬರುವಾಗ ಆ ಮೂಕ ತರಗತಿ ಕಣ್ಣ ಮುಂದೆ ಬಂದು, ಅದರ ಹಿಂದೆಯೇ ಚಂದ್ರಯ್ಯ ಮೇಷ್ಟ್ರು ಬಂದರು. ಭದ್ರಾವತಿಯಲ್ಲಿ ನಮಗೆ ವಿಜ್ಞಾನ ಕಲಿಸಿದವರು. ನನಗಿಂತ ಕಟ್ಟುನಿಟ್ಟು, ಸೈರನ್ ಕೂಗಿದರೆ ಅರ್ಧ ಬರೆದ ಅಕ್ಷರವನ್ನೂ ಹಾಗೇ ಬಿಟ್ಟು ಸೀಮೆಸುಣ್ಣ ಕೆಳಗಿಡುತ್ತಿದ್ದರು. ದಿಕ್ಸೂಚಿಯ ಮುಳ್ಳು ಉತ್ತರ ದಿಕ್ಕು ತೋರಿಸುತ್ತದೆ ಎಂದು ಅವರು ಪಾಠ ಮಾಡಿದ ದಿನ, ಮುಳ್ಳು ಒಂದು ಬೆಂಚಿನ ಮೇಲೆ ಬಾಗಿಲ ಕಡೆ, ಇನ್ನೊಂದರ ಮೇಲೆ ಕಿಟಕಿ ಕಡೆ ತಿರುಗಿತು. ನಮ್ಮೂರಿನ ಶಾಲೆಯಲ್ಲವೇ, ಬೆಂಚಿನ ಕಾಲುಗಳೆಲ್ಲ ಕಬ್ಬಿಣದವು. ಬೇರೆಯವರಾಗಿದ್ದರೆ "ಉತ್ತರ ಎಂದು ಬರ್ಕೊಳಿ" ಎಂದು ಮುಂದೆ ಹೋಗುತ್ತಿದ್ದರು. ಇವರು ತಲೆ ಕೆರೆದುಕೊಂಡು, "ಯಾಕ್ರೋ ಹೀಗೆ?" ಎಂದು ನಮ್ಮನ್ನೇ ಕೇಳಿದರು. ಬೆಂಚು ಎಳೆದೆವು, ತಂತಿಯ ಸೊಳ್ಳೆಜಾಲರಿಯಿದ್ದ ಕಿಟಕಿಗೆ ಬೈದೆವು, ಕೊನೆಗೆ ಎಲ್ಲರೂ ಮೈದಾನಕ್ಕೆ ಓಡಿದೆವು. ಅಲ್ಲಿ ಮುಳ್ಳು ಸಾಧುವಿನಂತೆ ಒಂದೇ ಕಡೆ ನಿಂತಿತು. ನಡುವೆ ಸೈರನ್ ಕೂಗಿತು. ಮೇಷ್ಟ್ರಿಗೆ ಕೇಳಿಸಲಿಲ್ಲ. ನಾನು ವಿಜ್ಞಾನ ಓದಿದ್ದು, ಕಲಿಸಿದ್ದು, ಎಲ್ಲ ಆ ಕೇಳಿಸದ ಸೈರನ್ನಿನ ಕೃಪೆ.

ಮನೆಗೆ ಬಂದವಳೇ ರಬ್ಬರ್ ಹಿಡಿದು ಪ್ರತಿ ಶುಕ್ರವಾರದ ಕೊನೆಯ ಮನೆಯನ್ನು ಅಳಿಸಿದೆ. ಹಲ್ಲು ಕೀಳಿಸಿಕೊಂಡಷ್ಟೇ ನೋವಾಯಿತು.

ಇನ್ನು ಆಡಳಿತ ಮಂಡಳಿ ಒಪ್ಪಬೇಕಿತ್ತು. ಅಧ್ಯಕ್ಷರು ರುದ್ರೇಶಪ್ಪ, ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟವರು, ಒಂದು ಗೇಣು ಬಟ್ಟೆಯನ್ನೂ ವ್ಯರ್ಥ ಮಾಡದವರು. "ಇದೇನು ಮೇಡಂ, ಇಲ್ಲಿ ತೂತು ಬಿಟ್ಟಿದ್ದೀರಿ? ಪರೀಕ್ಷೆ ತಯಾರಿ ಅಂತ ಹಾಕಿ, ಮುಗೀತು," ಎಂದರು. ಶಬಾನಾ ಬಾಗಿಲ ಬಳಿಯ ಕುರ್ಚಿಯಲ್ಲಿ ನೆಲ ನೋಡುತ್ತ ಕೂತಿದ್ದಳು. ವಾದದಲ್ಲಿ ನಾನು ಮೊದಲಿನಿಂದಲೂ ಹಿಂದೆ. ಚೀಲದಿಂದ ದಿಕ್ಸೂಚಿ ತೆಗೆದು ಅವರ ಸ್ಟೀಲ್ ಮೇಜಿನ ಮೇಲಿಟ್ಟೆ. ಮುಳ್ಳು ಬೀರುವಿನ ಕಡೆ ತಿರುಗಿತು.

"ಇದು ಕೆಟ್ಟಿದೆ," ಎಂದರು ರುದ್ರೇಶಪ್ಪ. "ನವುಲೆ ಬಡಾವಣೆ ಇರೋದು ಆ ಕಡೆ. ಉತ್ತರ ಅಲ್ಲಿ ಬರ್ಬೇಕು."

"ಮೇಜಿನ ಈ ತುದಿಗೆ ಇಡಿ ನೋಡೋಣ," ಎಂದರು ಕಾರ್ಯದರ್ಶಿ. ಅಲ್ಲಿ ಮುಳ್ಳು ಇನ್ನೊಂದು ಕಡೆ ವಾಲಿತು.

"ನಿಮ್ಮ ಬೀಗದ ಕೈ ಗೊಂಚಲು ದೂರ ಇಡಿ ಮಾರಾಯ್ರೆ!" ಎಂದು ಅಧ್ಯಕ್ಷರು ಕಾರ್ಯದರ್ಶಿಯನ್ನು ಗದರಿದರು.

ಕುರ್ಚಿಗಳು ಸರಿದವು, ಬೀರುವನ್ನು ತಳ್ಳುವ ಪ್ರಯತ್ನವೂ ನಡೆಯಿತು. ಆಮೇಲೆ ಇಡೀ ಮಂಡಳಿ ಅಂಗಳಕ್ಕೆ ಇಳಿಯಿತು. ಅಲ್ಲಿ ಮುಳ್ಳು ನವುಲೆಯ ಕಡೆ ನಿಂತಾಗ ರುದ್ರೇಶಪ್ಪನವರು ಲಾಟರಿ ಹೊಡೆದವರಂತೆ, "ನಾ ಹೇಳ್ಲಿಲ್ವಾ! ಮೇಜಿಂದೇ ತಪ್ಪು!" ಎಂದು ಕೂಗಿದರು. ಒಳಗೆ ಬಂದಾಗ ಕಾಫಿ ಆರಿತ್ತು, ಸಭೆಯ ಸಮಯ ಮುಗಿದಿತ್ತು.

"ನಾನು ಮಕ್ಕಳಿಗೋಸ್ಕರ ಕೇಳ್ತಿರೋದು ಇಷ್ಟೇ ಹೊತ್ತು," ಎಂದೆ.

ಅವರು ಆರಿದ ಕಾಫಿಯನ್ನೇ ಕುಡಿದು, ನಕ್ಕು, ಸಹಿ ಹಾಕಿದರು. ಆ ಪೀರಿಯಡ್ಡಿಗೆ ಒಂದು ಹೆಸರು ಕೊಡಬೇಕೆಂದು ಕಾರ್ಯದರ್ಶಿ ಇನ್ನೂ ಫೋನ್ ಮಾಡುತ್ತಲೇ ಇದ್ದಾರೆ. ಕೈ ತುರಿಸುತ್ತದೆ, ನಿಜ. ತಡೆದುಕೊಂಡಿದ್ದೇನೆ.

ಮೊನ್ನೆ ಶಬಾನಾಳ ಫೋನ್ ಬಂತು. ಬುಧವಾರ ಎರಡನೇ ಪೀರಿಯಡ್ಡಿಗೆ ಕಡಲೆ ಮೊಳೆಯಲಿಲ್ಲವಂತೆ. ಶುಕ್ರವಾರದ ಖಾಲಿ ಮನೆಯಲ್ಲಿ ಎಂಟನೇ ತರಗತಿ ಪೂರ್ತಿ ಕಾರಣ ಹುಡುಕಲು ಕೂತಿತಂತೆ. ನೀರು ಹೆಚ್ಚಾಯಿತು ಎಂದು ಒಬ್ಬ, ಚಳಿಗೆ ಎಂದು ಇನ್ನೊಬ್ಬ. ಹೋದ ವರ್ಷ ದಸರಾ ಆದಮೇಲೆ ತುಟಿ ಬಿಚ್ಚದ ಶಾಲೆಯಲ್ಲಿ ಒಂದೇ ಗಲಾಟೆ. ಕೊನೆಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳಂತೆ.

"ಏನಂದ್ಲು?" ಎಂದೆ.

ಶಬಾನಾಳಿಗೆ ನಗು ತಡೆಯಲಾಗಲಿಲ್ಲ. "'ಕಾಳು ಸರಿಯಾಗೇ ಇದೆ ಮಿಸ್, ಟೈಮ್‌ಟೇಬಲ್ ಬರೆದೋರದ್ದೇ ತಪ್ಪು' ಅಂದ್ಲು ಮೇಡಂ."

ಚಂದ್ರಯ್ಯ ಮೇಷ್ಟ್ರು ಇದ್ದಿದ್ದರೆ ಆ ಹುಡುಗಿಗೆ ಪೂರ್ತಿ ಅಂಕ ಕೊಡುತ್ತಿದ್ದರು. ಅವರ ಪರವಾಗಿ ನಾನೇ ಕೊಟ್ಟೆ.